ನಲವತ್ತೊಂದು ಸಹಿ

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಸರೋಜಮ್ಮ ಕೆಂಪು ಪೆನ್ನು ತೆಗೆದು ನಲವತ್ತೊಂದು ಹೆಸರುಗಳ ಮೇಲೆ ಗೀಟು ಎಳೆದರು. ಎದುರಿಗೆ ನಿಂತಿದ್ದ ಧರ್ಮೇಶ ಒಂದೊಂದು ಗೀಟಿಗೂ ಕಣ್ಣು ಮಿಟುಕಿಸಿದ. ಆ ಹೆಸರುಗಳನ್ನು ತಂದುಕೊಟ್ಟವನು ಅವನೇ.

"ಎಲ್ಲಾ ಒಂದೇ ಕೈಬರಹ ಮಾರಾಯ. ಕೊನೇ ಅಕ್ಷರಕ್ಕೆ ಹೀಗೆ ಬಾಲ ಎಳೆಯೋದು ನೀನೊಬ್ಬನೇ. ಎಂಟನೇ ಕ್ಲಾಸಿಂದ ನೋಡಿದ್ದೀನಿ."

"ಕೇಳಿಯೇ ಹಾಕಿದ್ದು ಟೀಚರ್. ಮೊನ್ನೆ ಮಸ್ಟರಲ್ಲಿ ಕೂಗಿ ಹೇಳ್ದೆ. ಎಲ್ರೂ 'ಹಾಕಿ ಹಾಕಿ' ಅಂದ್ರು."

ಅದು ಸುಳ್ಳಲ್ಲ. ದೇವರಮನೆ ದಾರಿಯ ಕಾಫಿ ಎಸ್ಟೇಟೊಂದರಲ್ಲಿ ಧರ್ಮೇಶ ಹನ್ನೊಂದು ವರ್ಷದಿಂದ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ತೆಗೆದುಕೊಳ್ಳುವ ಮಸ್ಟರಿನಲ್ಲಿ ಹೆಸರು ಕೂಗುವುದು, 'ಬಂದೆ' ಎಂದವರ ಮುಂದೆ ತಾನೇ ಸಹಿ ಗೀಚುವುದು, ಮುಂದಿನ ಹೆಸರಿಗೆ ಹೋಗುವುದು. ಕೊಯ್ಲಿನ ಕಾಲದಲ್ಲಿ ಒಬ್ಬೊಬ್ಬರೂ ಪೆನ್ನು ಹಿಡಿದು ನಿಂತರೆ ತೋಟಕ್ಕೆ ಇಳಿಯುವಷ್ಟರಲ್ಲಿ ಬಿಸಿಲೇರಿರುತ್ತದೆ. ಮನವಿಯ ಹಾಳೆಯನ್ನೂ ಅವನು ಅದೇ ರೂಢಿಯಲ್ಲಿ ತುಂಬಿಸಿದ್ದ.

ಮನವಿ ಸುಡಾನಿನ ಜನರಿಗಾಗಿ. ಅಲ್ಲಿನ ಕಗ್ಗೊಲೆ ನಿಲ್ಲಿಸಲು ಭಾರತ ಸರ್ಕಾರ ಮುಂದಾಗಬೇಕೆಂದು ನಿವೃತ್ತ ಶಿಕ್ಷಕಿ ಸರೋಜಮ್ಮ ಮತ್ತು ಬಣಕಲ್ಲಿನ ಇನ್ನೈದು ಜನ ಎರಡು ತಿಂಗಳು ಅಲೆದು 504 ಸಹಿ ಕೂಡಿಸಿದ್ದರು. ಮುಂದಿನ ವಾರ ಸಂಸತ್ ಅಧಿವೇಶನ. ಈ ಸಂಜೆ ಐದಕ್ಕೆ ಸಂಸದರು ಮೂಡಿಗೆರೆಯ ಪ್ರವಾಸಿ ಮಂದಿರಕ್ಕೆ ಬರುತ್ತಾರೆ. ಐನೂರು ಸಹಿ ಇದ್ದರಷ್ಟೇ ಭೇಟಿ ಎಂದು ಅವರ ಆಪ್ತ ಸಹಾಯಕ ಫೋನಿನಲ್ಲಿ ಹೇಳಿದ್ದ. ಗೀಟು ಎಳೆದ ಮೇಲೆ ಉಳಿದದ್ದು 463.

"ಡೆಲ್ಲೀಲಿ ಯಾರು ಟೀಚರ್ ಕೈಬರಹ ನೋಡ್ತಾರೆ?"

"ನೋಡಿದ್ರೆ? ಒಂದು ಕಳ್ಳಸಹಿ ಸಿಕ್ಕಿದ್ರೆ ಮಿಕ್ಕಿದ್ದೆಲ್ಲಾ ಕಳ್ಳಸಹಿ ಅಂತಾರೆ. ಅಲ್ಲಿ ಕೊಲೆಗಳೇ ಆಗಿಲ್ಲ ಅನ್ನೋರು ಇದ್ದಾರೆ, ಅವರಿಗೆ ನಾವೇ ನೆಪ ಒದಗಿಸಬೇಕಾ? ಜೀಪ್ ತೆಗಿ."

ಮೂರು ಗಂಟೆಗೆ ಅವರಿಬ್ಬರೂ ರೋಬಸ್ಟಾ ಕೊಯ್ಯುತ್ತಿದ್ದ ಮೇಲಿನ ತಾಕಿನಲ್ಲಿದ್ದರು. "ಬನ್ನಿ ಬನ್ನಿ, ಅಲ್ಲಿ ಕೋಟಿಗಟ್ಲೆ ಜನ ಸತ್ತೋಗಿದ್ದಾರೆ" ಎಂದು ಧರ್ಮೇಶ ಶುರು ಮಾಡಿದ. ಸರೋಜಮ್ಮ ಅವನ ತೋಳು ಹಿಡಿದು ತಡೆದರು.

"ಎಷ್ಟು ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಗೊತ್ತಿರೋದಷ್ಟೇ ಹೇಳ್ತೀನಿ. ಎಲ್ ಫಾಶರ್ ಅಂತ ಒಂದು ಊರು. ಅನ್ನ, ಔಷಧಿ ಹೋಗದ ಹಾಗೆ ಬಂದೂಕಿನವರು ಐನೂರು ದಿನಕ್ಕಿಂತ ಹೆಚ್ಚು ಸುತ್ತುಗಟ್ಟಿದ್ರು. ಆಮೇಲೆ ಒಳಗೆ ನುಗ್ಗಿ ಆಸ್ಪತ್ರೇಲಿ ಇದ್ದವರನ್ನೂ ಕೊಂದ್ರು. ಉಳಿದವರನ್ನ ಕಾಪಾಡೋಕೆ ನಮ್ಮ ಸರ್ಕಾರ ವಿಶ್ವಸಂಸ್ಥೇಲಿ ಗಟ್ಟಿಯಾಗಿ ಕೇಳ್ಬೇಕು ಅಂತ ಈ ಮನವಿ."

ಆಳುಗಳಲ್ಲಿ ಹಿರಿಯಳಾದ ವಸಂತಮ್ಮ ಗಿಡದ ಮರೆಯಿಂದ ಹೊರಬಂದಳು. "ನಮ್ ಸಹಿ ರೈಟ್ರು ಆಗ್ಲೇ ಹಾಕಿದ್ದಾರಂತಲ್ಲಮ್ಮ? ನಮ್ಗಿಂತ ಚಂದ ಹಾಕ್ತಾರೆ ಅವ್ರು."

ಸುತ್ತಲೂ ನಗು ಎದ್ದಿತು. ಧರ್ಮೇಶನ ಕಿವಿ ಬಿಸಿಯಾಯಿತು. "ತಪ್ಪಾಯ್ತು ವಸಂತಕ್ಕ. ಇದು ಹಾಜರಿ ಅಲ್ಲ. ಬೇಕು ಅನ್ಸಿದ್ರೆ ನೀವೇ ಹಾಕ್ಬೇಕು, ಬೇಡ ಅಂದ್ರೆ ಬೇಡ."

ವಸಂತಮ್ಮ ಸರೋಜಮ್ಮನ ಕಡೆ ತಿರುಗಿದಳು. "ಆ ಊರೋರಿಗೆ ನಾವು ಯಾರು ಅಂತ ಗೊತ್ತಾ?"

"ಇಲ್ಲ."

"ನಾವು ಹಿಂಗೆ ಕೇಳಿದ್ವಿ ಅಂತ ಗೊತ್ತಾಗ್ತದಾ?"

"ಅದೂ ಗೊತ್ತಾಗಲಿಕ್ಕಿಲ್ಲ."

ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. "ತಡೀರಿ, ಕೈ ತೊಳ್ಕೊಂಡ್ ಬರ್ತೀನಿ."

ಕಾಫಿಹಣ್ಣಿನ ಅಂಟಿಗೆ ಬೆರಳುಗಳು ಕಪ್ಪಾಗಿದ್ದವು. ಕೆಳಗಿನ ಹಳ್ಳಕ್ಕಿಳಿದು ಮಣ್ಣಿನಲ್ಲಿ ಉಜ್ಜಿ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಬಂದಳು. ಧರ್ಮೇಶ ಮುಂದೆ ಹಿಡಿದ ಇಂಕ್ ಪ್ಯಾಡನ್ನು ಪಕ್ಕಕ್ಕೆ ಸರಿಸಿದಳು. ಜೀಪಿನ ಬಾನೆಟ್ಟಿನ ಮೇಲೆ ಹಾಳೆಯಿಟ್ಟು ತನ್ನ ಹೆಸರಿನ ನಾಲ್ಕು ಅಕ್ಷರಗಳನ್ನು, ಒಂದೊಂದಕ್ಕೂ ಪೆನ್ನೆತ್ತಿ, ಬರೆದಳು. ಹನ್ನೊಂದು ವರ್ಷ ದಿನವೂ ಅವಳ ಸಹಿ ಹಾಕಿದ್ದ ಧರ್ಮೇಶ ಅವಳ ಅಕ್ಷರ ನೋಡಿದ್ದು ಅದೇ ಮೊದಲು. ಅವನು ಹಾಳೆಯ ಅಂಚು ಹಾರದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡ.

ಉಳಿದವರೂ ಹಳ್ಳಕ್ಕಿಳಿದರು. ಇಬ್ಬರು ಮಾತ್ರ "ಪೊಲೀಸು ಗಿಲೀಸು ಅಂತಾದ್ರೆ ಕಷ್ಟ" ಎಂದು ದೂರ ನಿಂತರು. ಆರು ಜನ ಹಿಂದಿನ ದಿನವೇ ನೆಂಟರ ಮದುವೆಗೆ ಹೋಗಿದ್ದರು. ಮೂವತ್ತಮೂರು ಸಹಿ ಬಂದವು. ಒಟ್ಟು 496.

ಪ್ರವಾಸಿ ಮಂದಿರದ ಮೆಟ್ಟಿಲ ಮೇಲೆ ಆಪ್ತ ಸಹಾಯಕ ಕೊನೆಯ ಸಂಖ್ಯೆ ನೋಡಿದ. "ನಾಲ್ಕು ತಾನೆ ಕಮ್ಮಿ? ಯಾವ್ದಾದ್ರೂ ನಾಲ್ಕು ಹೆಸರು ಬರೀರಿ, ಒಳಗೆ ಕಳಿಸ್ತೀನಿ" ಎಂದು ತನ್ನ ಪೆನ್ನನ್ನೇ ಚಾಚಿದ.

ಸರೋಜಮ್ಮ ಬಾಯಿ ತೆರೆಯುವ ಮೊದಲೇ ಧರ್ಮೇಶ ಹೇಳಿದ: "ಇಲ್ಲ ಸಾರ್. ನಾನೂರ ತೊಂಬತ್ತಾರೇ. ಒಂದೊಂದೂ ಅವರವರೇ ಹಾಕಿದ್ದು. ಅನುಮಾನ ಇದ್ರೆ ಬನ್ನಿ, ಯಾರ ಮನೆಗೆ ಬೇಕಾದ್ರೂ ನಾನೇ ಕರ್ಕೊಂಡ್ ಹೋಗ್ತೀನಿ."

"ಹಾಗಾದ್ರೆ ಇಲ್ಲೇ ನಿಂತಿರಿ. ಸಾಹೇಬ್ರು ಹೊರಡುವಾಗ ನೋಡೋಣ" ಎಂದು ಸಹಾಯಕ ಒಳಗೆ ಹೋದ. ಸರೋಜಮ್ಮ ಎರಡು ತಿಂಗಳಿಂದ ಯಾರ ಕೈಗೂ ಬಿಡದಿದ್ದ ಫೈಲನ್ನು ಧರ್ಮೇಶನ ಕೈಗೆ ಕೊಟ್ಟರು.

ಐದೂ ನಲವತ್ತಕ್ಕೆ ಸಂಸದರು ಹೊರಬಂದು, ಧರ್ಮೇಶ ನೀಡಿದ ಮನವಿಯ ಮೊದಲ ಪುಟವನ್ನು ನಿಂತಲ್ಲೇ ಓದಿ, ಫೈಲು ಹಿಡಿದುಕೊಂಡೇ ಕಾರು ಹತ್ತಿದರು. ಆಗ ಅದರಲ್ಲಿ 497 ಸಹಿಗಳಿದ್ದವು. ಕೊನೆಯದು, ಅಷ್ಟು ಹೊತ್ತೂ ಮೆಟ್ಟಿಲ ಬಳಿ ಕಾರಿನ ಗಾಜು ಒರೆಸುತ್ತ ಮಾತು ಕೇಳಿಸಿಕೊಂಡಿದ್ದ ಅವರ ಡ್ರೈವರನದು.