ಖಾಲಿ ಲಾಳಿ

ಅಮಾವಾಸ್ಯೆಯ ದಿನ ಹೊತ್ತೇರುವುದರೊಳಗೆ ಕೆಂಚಿ ಮೂರನೆಯ ಸಲ ಎದ್ದು ನಿಲ್ಲಲು ನೋಡಿತು. ಪಟ್ಟಿ ಕಟ್ಟಿದ ಹಿಂಗಾಲು ನೆಲಕ್ಕೆ ತಗಲುತ್ತಲೇ ಕುಂಯ್ ಎಂದು ಕುಸಿಯಿತು. ಮಗ್ಗದ ಮೇಲೆ ಹೂವಿಟ್ಟು ಕೈಮುಗಿಯುತ್ತಿದ್ದ ಶಂಕ್ರಪ್ಪ ಪೂಜೆ ಅರ್ಧಕ್ಕೇ ಬಿಟ್ಟು ಓಡಿಬಂದು ಅದರ ಸೊಂಟ ಒತ್ತಿ ಹಿಡಿದ.

“ಇನ್ನೂ ಹತ್ತ ದಿನಾನೂ ಆಗಿಲ್ಲ. ಇಪ್ಪತ್ತೊಂದ ದಿನ ಕಾಲ ಊರಗೊಡಬ್ಯಾಡ್ರಿ ಅಂದಾರ ಡಾಕ್ಟರ್ ಬಾಯಿ,” ಎಂದಳು ಹೆಂಡತಿ ಇಂದ್ರವ್ವ. “ಎಲುಬು ಕೂಡಲಿಲ್ಲಂದ್ರ ಕಾಲ ತಗೀಬೇಕಾಗ್ತದಂತ.”

“ಅದು ನನಗ ಗೊತ್ತೈತಿ. ಇದಕ್ಕ ಗೊತ್ತಾಗಬೇಕಲ್ಲ.”

ಕೆಂಚಿ ಗುಳೇದಗುಡ್ಡದ ಆ ಓಣಿಯ ಬೀದಿನಾಯಿ. ಸಂತೆಯ ದಿನ ಟಂಟಂ ಗಾಡಿಯೊಂದು ಕಾಲ ಮೇಲೆ ಹಾದುಹೋದಾಗ ಇಂದ್ರವ್ವ ಅದನ್ನು ಹಳೆಯ ಕೌದಿಯಲ್ಲಿ ಸುತ್ತಿಕೊಂಡು ದನದ ದವಾಖಾನೆಗೆ ಒಯ್ದಿದ್ದಳು. ನಾಯಿ ಹೊಸಲು ದಾಟಬಾರದು ಎಂದು ಗಂಡ ಮನೆ ಹಾರುವಂತೆ ಕೂಗಾಡಿದ. ಎರಡನೆಯ ದಿನ ಅವನೇ ತನ್ನ ತಟ್ಟೆಯ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತಿನ್ನಿಸುತ್ತಿದ್ದ. ಇರುವುದೊಂದೇ ಪಡಸಾಲೆ, ಅದರ ತುಂಬ ಮಗ್ಗ. ಹೀಗಾಗಿ ಕೆಂಚಿಯ ಹಾಸಿಗೆ ಮಗ್ಗದ ಕುಣಿಯ ಪಕ್ಕದಲ್ಲೇ ಆಯಿತು. ಶಂಕ್ರಪ್ಪ ಕುಣಿಯಲ್ಲಿ ಕಾಲಿಳಿಸಿ ಕುಪ್ಪಸದ ಕಣ ನೇಯತೊಡಗಿದರೆ ಹೊರಗೆ ಟಂಟಂ ಹಾದದ್ದು ಕೆಂಚಿಗೆ ಕೇಳಿಸುತ್ತಿರಲಿಲ್ಲ. ಖಟಕ್ ಖಟಕ್ ಸಪ್ಪಳಕ್ಕೆ ಹಾಯಾಗಿ ಮಲಗುತ್ತಿತ್ತು. ಮಗ್ಗ ನಿಂತಾಗ ಗಾಡಿ ಬಂದರೆ ಮುಗಿಯಿತು, ಜೀವ ಕೈಯಲ್ಲಿ ಹಿಡಿದು ಓಡಲು ಏಳುತ್ತಿತ್ತು.

ಇವತ್ತು ಅಮಾವಾಸ್ಯೆ, ಮಗ್ಗಕ್ಕೆ ಪೂಜೆ ಮಾಡಿ ನೇಯ್ಗೆ ನಿಲ್ಲಿಸುವ ದಿನ. ಓಣಿಯ ಯಾವ ಮಗ್ಗವೂ ಆಡುವುದಿಲ್ಲ. ನಲವತ್ತು ವರ್ಷದಲ್ಲಿ ಒಂದು ಅಮಾವಾಸ್ಯೆಯೂ ಶಂಕ್ರಪ್ಪ ಲಾಳಿ ಹಿಡಿದವನಲ್ಲ, ಇನ್ನೊಬ್ಬರಿಗೆ ಹಿಡಿಯಗೊಟ್ಟವನೂ ಅಲ್ಲ. ಹೋದ ವರ್ಷ ಎದುರುಮನೆಯ ಬಂಡೆಪ್ಪ ಮದುವೆಯ ಕಣಗಳಿಗೆ ಅವಸರವೆಂದು ಅಮಾವಾಸ್ಯೆಯ ದಿನ ಕುಣಿಗಿಳಿದಾಗ, ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಬೈದು ಎಬ್ಬಿಸಿದ್ದು ಇದೇ ಶಂಕ್ರಪ್ಪ. ಈಗ ಕೆಂಚಿಯ ಕಿವಿಗೆ ಹತ್ತಿ ಇಟ್ಟು ನೋಡಿದ, ಕೊಡವಿ ಒಗೆಯಿತು. ಟಿ.ವಿ. ಹಚ್ಚಿದ, ಅದರೊಳಗೂ ಹಾಳಾದ ಗಾಡಿಗಳೇ ಓಡುತ್ತಿದ್ದವು. ಮತ್ತೊಂದು ಟಂಟಂ ಬಂತು. ಕೆಂಚಿ ಅವನ ಕೈಯಿಂದ ಕೊಸರಿಕೊಂಡು ಎದ್ದು, ಗೋಡೆಗೆ ಹಾಯ್ದು ಬಿತ್ತು. ಪಟ್ಟಿಯ ಅಂಚಿನಲ್ಲಿ ಕೆಂಪು ಮೂಡಿತು.

ಶಂಕ್ರಪ್ಪ ಅದನ್ನು ಎತ್ತಿ ಹಾಸಿಗೆಯ ಮೇಲೆ ಮಲಗಿಸಿದ. ಹೂವಿಟ್ಟ ಮಗ್ಗದ ಮುಂದೆ ಒಂದು ಗಳಿಗೆ ನಿಂತ. ಆಮೇಲೆ ಲಾಳಿ ಎತ್ತಿಕೊಂಡು ಅದರೊಳಗಿನ ನೂಲಿನ ಕಂಡಿಕೆ ತೆಗೆದು ಗೂಡಿನಲ್ಲಿಟ್ಟ. “ತಪ್ಪಾತು ಅನಬ್ಯಾಡ ತಾಯಿ,” ಎಂದು ಮಗ್ಗದ ಕಟ್ಟಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡು ಕುಣಿಗಿಳಿದ. ಖಟಕ್ ಖಟಕ್. ಖಾಲಿ ಲಾಳಿ ಅತ್ತಿಂದಿತ್ತ ಓಡತೊಡಗಿತು. ಕೆಂಚಿ ಮುಂಗಾಲ ಮೇಲೆ ಗದ್ದವಿಟ್ಟು ನಿರಾಳವಾಗಿ ಉಸಿರು ಬಿಟ್ಟಿತು.

ಬಾಗಿಲಲ್ಲಿ ಬಂಡೆಪ್ಪ ಪ್ರತ್ಯಕ್ಷನಾಗಲು ಎಷ್ಟು ಹೊತ್ತು? ವರ್ಷದಿಂದ ಕಾದಿದ್ದವನು, ಮುಖದ ಮೇಲೆ ಹಬ್ಬದ ಕಳೆ ಇತ್ತು.

“ಏನ್ ಕಾಕಾ, ಇವತ್ತ ಅಮಾಸಿ ಅಲ್ಲೇನ್ರಿ? ನಮ್ಮ ಮನಿ ಕ್ಯಾಲೆಂಡರ ಸುಳ್ಳ ಹೇಳಾಕತ್ತೈತೋ ಏನೋ.”

ಶಂಕ್ರಪ್ಪನ ಕಿವಿ ಬಿಸಿಯಾದವು. ಕೈ ನಿಲ್ಲಲಿಲ್ಲ. “ಲಾಳಿ ನೋಡಿ ಮಾತಾಡಲೇ.”

ಬಂಡೆಪ್ಪ ಬಗ್ಗಿ ಲಾಳಿಯನ್ನೇ ಎತ್ತಿಕೊಂಡ. ಒಳಗೆ ನೂಲಿಲ್ಲ. ಮಗ್ಗದ ಮೇಲಿನ ಕಣಕ್ಕೆ ಬೆರಳಾಡಿಸಿದ. ನಿನ್ನೆ ನಿಂತಲ್ಲೇ ನಿಂತಿತ್ತು. “ಇದೇನ್ರಿ ಕಾಕಾ, ತಲಿ ಗಿಲಿ...” ಎನ್ನುವಷ್ಟರಲ್ಲಿ ಓಣಿಯಲ್ಲಿ ಟಂಟಂ ಗುಡುಗಿತು. ಮಗ್ಗ ಸುಮ್ಮನಿತ್ತು. ಕೆಂಚಿ ಚಂಗನೆ ಎದ್ದು, ಕುಸಿದು, ಮುರಿದ ಕಾಲನ್ನೆಳೆಯುತ್ತ ಬಂಡೆಪ್ಪನ ಪಾದದ ಹತ್ತಿರವೇ ತೆವಳಿ ಮುದುಡಿಕೊಂಡಿತು. ಅದರ ನಡುಕ ಅವನ ಹಿಮ್ಮಡಿಗೆ ತಾಗುತ್ತಿತ್ತು.

ಬಂಡೆಪ್ಪನ ನಗು ಎಲ್ಲಿ ಹೋಯಿತೋ. ಲಾಳಿಯನ್ನು ಶಂಕ್ರಪ್ಪನ ಕೈಗೆ ತುರುಕಿದ. “ಹೊಡೀರಿ ಕಾಕಾ, ಲಗೂ ಹೊಡೀರಿ.”

ಆಮೇಲೆ ಅವನು ಮನೆಗೆ ಹೋಗಲೇ ಇಲ್ಲ. ಕೆಂಚಿಯನ್ನು ಎತ್ತಿ ಹಾಸಿಗೆಯ ಮೇಲೆ ಮಲಗಿಸಿ, ನಿದ್ದೆ ಬರುವತನಕ ತಲೆ ಸವರುತ್ತ ಕೂತ. ಹೊತ್ತು ಹೊರಳಿದ ಮೇಲೆ, “ಈ ಕಡೆ ಸರೀರಿ, ನಿಮ್ಮ ಕೈ ಸೋತಿರಬೇಕು. ಈಗ ನಂದೊಂದಿಷ್ಟ,” ಎಂದು ತಾನೇ ಕುಣಿಗಿಳಿದ. ಹೋದ ವರ್ಷದ ಬೈಗುಳ ಇಬ್ಬರಿಗೂ ನೆನಪಿತ್ತು, ಯಾರೂ ಆ ಮಾತು ತೆಗೆಯಲಿಲ್ಲ.

ಇಂದ್ರವ್ವ ಚಹಾ ತಂದಳು. ಬಂಡೆಪ್ಪನ ಕೈಯಲ್ಲಿ ಓಡುವ ಖಾಲಿ ಲಾಳಿಯನ್ನು ಬಹಳ ಹೊತ್ತು ನೋಡುತ್ತ ನಿಂತಳು.

“ನಮ್ಮ ಮಗಳು ಜಯಶ್ರೀ ಕೂಸಿದ್ದಾಗ ಹಿಂಗ ಇದ್ದಳು,” ಎಂದಳು. “ಮಗ್ಗದ ಸಪ್ಪಳಿಲ್ಲದ ಕಣ್ಣ ಮುಚ್ತಿರಲಿಲ್ಲ. ಅಮಾಸಿಗೊಮ್ಮಿ ಅಕಿನ್ನ ಬಗಲಾಗ ಹಾಕ್ಕೊಂಡು ದಿನಾಪೂರ್ತಿ ಓಣಿ ಓಣಿ ತಿರಗತಿದ್ದೆ.”

ಶಂಕ್ರಪ್ಪ ಚಹಾದ ಬಟ್ಟಲು ಕೆಳಗಿಟ್ಟ. ಅವಳು ಬಗ್ಗಿ ಕೆಂಚಿಯ ಮೈಮೇಲೆ ಕೌದಿ ಹೊಚ್ಚಿದಳು.

“ಆವಾಗೂ ಲಾಳಿ ಖಾಲಿ ಮಾಡಾಕ ಬರ್ತಿತ್ತಲ್ರಿ.”