ಕೋಳಿತಲೆ ಯಾರ ಕಡೆ

ಏಡಿಯ ಕಾಲು ಚೀಪಿ, ತೇಕ್ ಹುಯಿ ಚಿಪ್ಪನ್ನು ಮೇಜಿನ ಬಟ್ಟೆಯ ಮೇಲೇ ಉಗಿದ. ಬಡಿಸುವ ಕಿಮ್ ಸ್ವೀಗೆ ಸಿಟ್ಟು ಬಂತು. ಉಗಿದದ್ದಕ್ಕಲ್ಲ, ಅವನು ಕೂತಿದ್ದ ಕುರ್ಚಿಗೆ. ಅದು ಚಿಯಾ ಯಜಮಾನರದು. ಪೆನಾಂಗಿನ ಆ ಕ್ಲಬ್ಬು ಕಟ್ಟಿದವರಲ್ಲಿ ಉಳಿದಿದ್ದವರು ಅವರೊಬ್ಬರೇ. ಲಕ್ವ ಹೊಡೆದು ಅವರ ಬಾಯಿ ಬಿದ್ದುಹೋದ ಮೇಲೆ, ಪವರ್ ಆಫ್ ಅಟಾರ್ನಿ ಹಿಡಿದು ಈ ತಮ್ಮನ ಮಗ ಬಂದು ವಕ್ಕರಿಸಿದ್ದ. ಅವರ ಓಟು ಇವನದು, ಅವರ ವಿಸ್ಕಿಯೂ ಇವನದು.

ಬೆಳಗಿನ ಹೊತ್ತು ಯಜಮಾನರಿಗೆ ಗಂಜಿ ಕುಡಿಸಿ ಬರುತ್ತಿದ್ದವನು ಕಿಮ್ ಸ್ವೀ. ಕುಡಿಯುವಾಗ ಅವರ ಎಡಗೈ ಇವನ ಮಣಿಕಟ್ಟನ್ನು ಉಡದ ಹಾಗೆ ಹಿಡಿಯುತ್ತಿತ್ತು. ಹಾಸಿಗೆಹುಣ್ಣು ಕೊಳೆತು ನಾರುತ್ತಿದ್ದುದನ್ನು ಕಂಡವನೂ ಇವನೇ, ಕ್ಲಬ್ಬಿನಲ್ಲಿ ಬಾಯಿಬಿಟ್ಟವನೂ ಇವನೇ. ಅದೇ ತಪ್ಪಾಯಿತು.

"ಇವನನ್ನ ತೆಗೀರಿ," ಎಂದು ತೇಕ್ ಹುಯಿ ಅಧ್ಯಕ್ಷ ಖೋರ್ ಮುಂದೆ ಪಟ್ಟು ಹಿಡಿದಿದ್ದ. "ದೊಡ್ಡಪ್ಪನ ಆಸೆ ಅದು. ನಂದೇನಿದೆ ಅಂಕಲ್? ನಾನು ಬರೀ ಅವರ ಕೆಲಸದವನು."

"ಆಗ್ಲಿ. ವರ್ಷದ ಕೊನೆ ಊಟದಲ್ಲಿ ನೋಡೋಣ."

ಆ ಊಟಕ್ಕೆ ಆಳು, ಒಡೆಯ ಎಲ್ಲರೂ ಒಂದೇ ದುಂಡುಮೇಜಿಗೆ ಕೂರುತ್ತಾರೆ. ಇಡೀ ಕೋಳಿ ಬೇಯಿಸಿ ತರುತ್ತಾರೆ. ಅದರ ತಲೆ ಯಾವ ಕೆಲಸದವನ ಕಡೆ ನೋಡುತ್ತದೋ ಅವನಿಗೆ ನಾಳೆಯಿಂದ ಕೆಲಸವಿಲ್ಲ. ಯಾರೂ ತುಟಿ ಬಿಚ್ಚುವುದಿಲ್ಲ.

ಈ ರಾತ್ರಿ ಆ ಕೋಳಿಯನ್ನು ಕಿಮ್ ಸ್ವೀಯೇ ಹೊತ್ತು ತರಬೇಕಾಯಿತು. ಮೇಜಿನ ನಡುವಿನ ತಿರುಗುಮಣೆಯ ಮೇಲಿಟ್ಟು, ಹೇಗೂ ತೆಗೆಯುವುದು ತನ್ನನ್ನೇ ಎಂದು, ತಲೆಯನ್ನು ತನ್ನ ಕುರ್ಚಿಯ ಕಡೆಗೆ ತಾನೇ ತಿರುಗಿಸಿ ಕೂತ. ಮನೆಯಲ್ಲಿ ಹೆಂಡತಿಗೆ ಏನು ಹೇಳುವುದು?

"ಕೋಳಿಗೂ ನಿನ್ನ ಗುರುತು ಹತ್ತಿತಲ್ಲೋ, ಗಂಜಿ!" ತೇಕ್ ಹುಯಿ ಹಲ್ಲುಕಡ್ಡಿ ಆಡಿಸುತ್ತ ನಕ್ಕ. ಸುತ್ತ ಕೂತ ದೊಡ್ಡ ಮನುಷ್ಯರೂ ಹಲ್ಲು ಕಿರಿದರು. ಥೂ.

ಖೋರ್ ನಗಲಿಲ್ಲ. ಮಧ್ಯಾಹ್ನ ಡಾಕ್ಟರನ್ನೂ ವಕೀಲನನ್ನೂ ಕಾರಿಗೆ ಹತ್ತಿಸಿಕೊಂಡು ಎಲ್ಲಿಗೋ ಹೋಗಿ ಬಂದಿದ್ದ ಅವನ ಬಿಳಿ ಅಂಗಿಯ ತೋಳಿಗೆ ನೇರಳೆ ಮಸಿ ಮೆತ್ತಿತ್ತು. ಕೈಚಾಚಿ ತಿರುಗುಮಣೆಯನ್ನು ತಳ್ಳಿದ. ಕೋಳಿ ನಿಧಾನವಾಗಿ ಸುತ್ತಿ, ತೇಕ್ ಹುಯಿಯ ಮುಖಕ್ಕೆ ಮುಖ ಕೊಟ್ಟು ನಿಂತಿತು.

"ಏನ್ ಅಂಕಲ್, ತಮಾಷೆನಾ? ಇದು ಮೆಂಬರ್ ಕುರ್ಚಿ! ಮೆಂಬರನ್ನ ತೆಗೆಯೋಕೆ ನೀವ್ಯಾರು?"

"ಮೆಂಬರನ್ನ ಯಾರಪ್ಪ ತೆಗೆದ್ರು?" ಖೋರ್ ತೋಳಿನ ಮಸಿ ಉಜ್ಜಿಕೊಂಡ. "ಅವರೇ ಮಧ್ಯಾಹ್ನ ಪವರ್ ರದ್ದಿನ ಕಾಗದಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿ, ತಮ್ಮ ಕೆಲಸದವನನ್ನ ತೆಗೆದ್ರು."