ಕುರ್ಚಿಯ ಪಾಠ

ಆ ದಿನದ ಹೊಸ ಮಾತು ಕಲಿಸಲು ಮೇಸ್ತ್ರಿ ಇಸ್ತ್ರಿ ಪೆಟ್ಟಿಗೆಯತ್ತ ಕೋಲು ಚಾಚುವ ಮೊದಲೇ ಅತ್ತಿಗೆ ಅವನು ಕೂತಿದ್ದ ಕುರ್ಚಿಯನ್ನು ತೋರಿಸಿ, ಇದಕ್ಕೇನಂತಾರೆ ಎಂಬಂತೆ ಹುಬ್ಬೇರಿಸಿದಳು. ಹಬೆ ತುಂಬಿದ ಆ ಲಾಂಡ್ರಿಯಲ್ಲಿ ಇದ್ದದ್ದು ಅದೊಂದೇ ಕುರ್ಚಿ.

ಅತ್ತಿಗೆ, ನಾದಿನಿ ಇಬ್ಬರೂ ಭಾಷೆ ಬಾರದ ಈ ಊರಿಗೆ ಬಂದು ಕೆಲಸಕ್ಕೆ ಸೇರಿದಾಗಿನಿಂದ ಮೇಸ್ತ್ರಿಯೇ ಅವರಿಗೆ ಮೇಷ್ಟ್ರು. ಅವನ ಪಾಠಕ್ಕೊಂದು ಕಟ್ಟಳೆಯಿತ್ತು: ಕಲಿತ ಮಾತನ್ನು ಬಾಯಲ್ಲಿ ಹೇಳಿದರೆ ಸಾಲದು, ಮಾಡಿ ತೋರಿಸಬೇಕು. ‘ಎತ್ತು’ ಕಲಿಯುತ್ತ ಒದ್ದೆ ಬಟ್ಟೆಯ ಗಂಟುಗಳನ್ನು ಎತ್ತಿದ್ದರು, ‘ಓಡು’ ಕಲಿಯುತ್ತ ಓಡಿದ್ದರು. ಎಲ್ಲಕ್ಕಿಂತ ಮೊದಲು ಕಲಿತದ್ದು ‘ಎದ್ದೇಳು’. ಕಾಲು ಸೋತು ಗಂಟಿನ ಮೇಲೆ ಕುಸಿದಾಗಲೆಲ್ಲ ಅವನು ಅದನ್ನೇ ಹೇಳಿ ಗದರುತ್ತಿದ್ದ.

ಮೇಸ್ತ್ರಿ ನಕ್ಕು ಕುರ್ಚಿಯ ಹೆಸರು ಹೇಳಿದ. ಅತ್ತಿಗೆ ಅದನ್ನು ಹೇಳಿ, ಕುರ್ಚಿ ಮುಟ್ಟಿದಳು. ಆಮೇಲೆ ಅವನು ಕೂತಿರುವುದನ್ನೇ ಬೆರಳು ಮಾಡಿ ತೋರಿಸಿದಳು. ಅವನು ‘ಕೂತ್ಕೋ’ ಎಂಬುದಕ್ಕೂ ತನ್ನ ಭಾಷೆಯ ಮಾತು ಹೇಳಿಕೊಟ್ಟ. ಅವಳು ಹೇಳಿದಳು, ಕುರ್ಚಿಯ ಪಕ್ಕಕ್ಕೇ ಬಂದು ನಿಂತಳು.

“ಸಾಕು ಬನ್ನಿ ಅತ್ತಿಗೆ, ನಮ್ಮ ಅನ್ನಕ್ಕೆ ನಾವೇ ಕಲ್ಲು ಹಾಕ್ಕೊಂಡ ಹಾಗಾಗತ್ತೆ,” ನಾದಿನಿ ತೋಳು ಜಗ್ಗಿದಳು.

“ಮಾಡಿ ತೋರಿಸ್ಬೇಕು ಅಂದಿದ್ದು ಅವನೇ ತಾನೆ? ಪಾಠ ಅರ್ಧಕ್ಕೆ ಬಿಟ್ರೆ ತಲೆಗೆ ಹತ್ತಲ್ಲ ಕಣೇ.”

ಮೇಸ್ತ್ರಿಯ ನಗು ಆರಿತು. ಅವನು ಇನ್ನಷ್ಟು ಬಿಗಿಯಾಗಿ ಒರಗಿ ಕೂತ. ಅತ್ತಿಗೆ ಕಣ್ಣು ತಗ್ಗಿಸಲಿಲ್ಲ. ಅವನದೇ ಭಾಷೆಯಲ್ಲಿ, ಅವನದೇ ಧಾಟಿಯಲ್ಲಿ, ತಾನು ಕಲಿತ ಮೊದಲ ಮಾತನ್ನು ಅವನಿಗೆ ಒಪ್ಪಿಸಿದಳು.

“ಎದ್ದೇಳು.”